ಕಾರ್ಮಿಕ ಸಂಹಿತೆ: ತಿಕೋಟಾದ ಶೆಡ್ಡಿನಿಂದ ಕಂಡಂತೆ

ವಿಜಯಪುರದಿಂದ ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ತಿಕೋಟಾ ಸಮೀಪಿಸುತ್ತಿದ್ದಂತೆ ಬಲೆ ಹೊದ್ದ ಉದ್ದನೆಯ ಶೆಡ್ಡುಗಳು ಕಾಣತೊಡಗುತ್ತವೆ. ನಮ್ಮ ಭಾಗದವರು ಮಣೂಕ ಎನ್ನುವ ಒಣದ್ರಾಕ್ಷಿ ತಯಾರಾಗುವುದು ಇಲ್ಲಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುಗ್ಗಿ. ಗೊನೆ ಕತ್ತರಿಸಿ, ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರವಿ, ಒಣಗಿದ ಮೇಲೆ ಕಡ್ಡಿ ಬಿಡಿಸಿ, ಬಣ್ಣ ಮತ್ತು ಗಾತ್ರ ನೋಡಿ ಆರಿಸಿ, ಪೆಟ್ಟಿಗೆಗೆ ತುಂಬಿ ಶೀತಲಗೃಹಕ್ಕೆ ಕಳಿಸುವವರೆಗೆ ಪ್ರತಿ ಹಂತದಲ್ಲೂ ಕೈಗಳು ಬೇಕು. ಆ ಕೈಗಳಲ್ಲಿ ಬಹುಪಾಲು ಹೆಂಗಸರವು. ಬೆಳಿಗ್ಗೆ ತಾಂಡಾಗಳಿಂದ, ಊರ ಓಣಿಗಳಿಂದ ಟಂಟಂ ತುಂಬಿ ಬರುತ್ತಾರೆ, ಹೊತ್ತು ಮುಳುಗುವಾಗ ಹಾಗೆಯೇ ಮರಳುತ್ತಾರೆ.

ಇಂಥದ್ದೊಂದು ಶೆಡ್ಡು ನನ್ನ ಅಣ್ಣನ ಮಗನದು. ಸುಗ್ಗಿಯಲ್ಲಿ ಮೂವತ್ತು ಮಂದಿ, ಉಳಿದ ಕಾಲದಲ್ಲಿ ನಾಲ್ವರು ಅವನ ಬಳಿ ದುಡಿಯುತ್ತಾರೆ. ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದ ಮೇಲೆ ಒಂದು ದಿನ ಆತ ಮನೆಗೆ ಬಂದು, "ಕಾಕಾ, ಈ ಹೊಸ ಕಾನೂನು ನಮ್ಮ ಶೆಡ್ಡಿಗೂ ಹತ್ತತೈತೇನ್ರಿ?" ಎಂದು ಕೇಳಿದ. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಕಾನೂನುಗಳನ್ನು ಜಾರಿ ಮಾಡುವ ಕೆಲಸದಲ್ಲೇ ಇದ್ದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹತ್ತುತ್ತದೆ, ಆದರೆ ಎಲ್ಲವೂ ಅಲ್ಲ ಎಂದೆ. ಆ ಅರ್ಧ ಉತ್ತರವನ್ನು ಪೂರ್ಣಗೊಳಿಸುವ ಪ್ರಯತ್ನವೇ ಈ ಲೇಖನ.

ಮೊದಲು ಆಗಿರುವುದೇನು ಎಂಬುದನ್ನು ನೋಡೋಣ. 1936ರ ವೇತನ ಪಾವತಿ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ, 1948ರ ಕಾರ್ಖಾನೆಗಳ ಕಾಯ್ದೆ ಮತ್ತು ಕನಿಷ್ಠ ವೇತನ ಕಾಯ್ದೆ, 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ, 1972ರ ಉಪದಾನ ಕಾಯ್ದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಸೇರಿದಂತೆ 29 ಕೇಂದ್ರ ಕಾನೂನುಗಳು ನಾಲ್ಕರಲ್ಲಿ ಅಡಕಗೊಂಡಿವೆ. ವೇತನ ಸಂಹಿತೆ 2019ರದ್ದು. ಕೈಗಾರಿಕಾ ಸಂಬಂಧಗಳು, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಈ ಮೂರಕ್ಕೆ ಸಂಬಂಧಿಸಿದವು 2020ರವು. ಹೀಗೆ ಒಗ್ಗೂಡಿಸಬೇಕೆಂದು ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ ಶಿಫಾರಸು ಮಾಡಿದ್ದು 2002ರಲ್ಲಿ. ಶಿಫಾರಸಿನಿಂದ ಜಾರಿಯವರೆಗಿನ ದಾರಿಗೆ ಇಪ್ಪತ್ಮೂರು ವರ್ಷ ಹಿಡಿಯಿತು.

ಈ ಸಂಹಿತೆಗಳನ್ನು ಸಾರಾಸಗಟಾಗಿ ಮಾಲೀಕರ ಪರ ಎಂದು ತಳ್ಳಿಹಾಕುವವರೂ ಇದ್ದಾರೆ, ಕಾರ್ಮಿಕರ ಭಾಗ್ಯೋದಯವೆಂದು ಕೊಂಡಾಡುವವರೂ ಇದ್ದಾರೆ. ಎರಡೂ ಪೂರ್ಣ ಸತ್ಯವಲ್ಲ. ಸಣ್ಣ ಉದ್ಯಮಿಯ ಕಷ್ಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದೇ ವಿಷಯಕ್ಕೆ ನಾಲ್ಕು ವಹಿ, ಒಂದೊಂದು ಕಾಯ್ದೆಯಲ್ಲಿ ವೇತನ ಎಂಬ ಪದಕ್ಕೆ ಒಂದೊಂದು ಅರ್ಥ, ಬೇರೆ ಬೇರೆ ಇಲಾಖೆಯ ಇನ್ಸ್‌ಪೆಕ್ಟರುಗಳು. ಕಾನೂನಿಗೆ ಹೆದರಿ ನಡೆಯುವವನಿಗಿಂತ ಇನ್ಸ್‌ಪೆಕ್ಟರನನ್ನು ಒಲಿಸಿಕೊಳ್ಳುವವನೇ ಜಾಣ ಎಂಬ ಪಾಠವನ್ನು ಈ ವ್ಯವಸ್ಥೆ ಎಷ್ಟೋ ಮಂದಿಗೆ ಕಲಿಸಿತು. ಈಗ ವೇತನಕ್ಕೆ ಒಂದೇ ವ್ಯಾಖ್ಯೆ ಬಂದಿದೆ. ಭತ್ಯೆಗಳ ಹೆಸರಿನಲ್ಲಿ ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚನ್ನು ಬೇರೆ ತೋರಿಸಿದರೆ ಆ ಹೆಚ್ಚುವರಿಯನ್ನು ವೇತನವೆಂದೇ ಪರಿಗಣಿಸಲಾಗುತ್ತದೆ. ಇನ್ಸ್‌ಪೆಕ್ಟರರ ಪದನಾಮಕ್ಕೆ ಅನುವುಗಾರ ಎಂಬ ಅರ್ಥದ ಪದವೂ ಸೇರಿದೆ. ಮೊದಲ ಬಾರಿ ತಪ್ಪಿದ ಮಾಲೀಕನ ಮೇಲೆ ಮೊಕದ್ದಮೆ ಹೂಡುವ ಮುನ್ನ ತಿದ್ದಿಕೊಳ್ಳಲು ಅವಕಾಶ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಐದು ವರ್ಷದೊಳಗೆ ಅದೇ ಬಗೆಯ ತಪ್ಪು ಮರುಕಳಿಸಿದರೆ ಆ ರಿಯಾಯಿತಿ ಇಲ್ಲ. ಇವು ಸರಿಯಾದ ಹೆಜ್ಜೆಗಳೇ.

ಕಾರ್ಮಿಕರ ಪಾಲಿಗೂ ಗಟ್ಟಿಯಾದದ್ದು ಕೆಲವಿದೆ. ಹಿಂದೆ ಕನಿಷ್ಠ ವೇತನ ಅನುಸೂಚಿಯಲ್ಲಿ ಹೆಸರಿದ್ದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಈಗ ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ತಿಂಗಳ ವೇತನವನ್ನು ಮುಂದಿನ ತಿಂಗಳ ಏಳನೆಯ ದಿನ ಮುಗಿಯುವುದರೊಳಗೆ ಕೊಡಬೇಕು. ಕೆಲಸದಿಂದ ತೆಗೆದರೆ ಅಥವಾ ಕೆಲಸಗಾರನೇ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಹೆಚ್ಚುವರಿ ಅವಧಿಯ ದುಡಿಮೆಗೆ ದುಪ್ಪಟ್ಟು ದರ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೊಂದು ಗಂಡಿಗೊಂದು ಕೂಲಿ ಸಲ್ಲದು. ಬಾಕಿ ವೇತನಕ್ಕೆ ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ, ವೇತನ ಕೊಟ್ಟಿದ್ದೇನೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕನದು. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸಕ್ಕೆ ಬರುವ ಹೋಗುವ ದಾರಿಯಲ್ಲಿ ಅಪಘಾತವಾಗಿ, ಅದಕ್ಕೂ ಉದ್ಯೋಗಕ್ಕೂ ಇರುವ ಸಂಬಂಧ ಸ್ಪಷ್ಟವಾದರೆ, ಅದು ಉದ್ಯೋಗದ ಅಪಘಾತವೆಂದೇ ಪರಿಹಾರಕ್ಕೆ ಅರ್ಹ. ಟಂಟಂನಲ್ಲಿ ಒತ್ತೊತ್ತಾಗಿ ನಿಂತು ಬರುವ ನಮ್ಮ ಹೆಣ್ಣುಮಕ್ಕಳಿಗೆ ಈ ಕೊನೆಯ ಮಾತು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇನ್ನೊಂದು ಕೈಯಿಂದ ಕಾನೂನು ಹಿಂದಕ್ಕೆ ಪಡೆದಿರುವುದನ್ನೂ ಲೆಕ್ಕ ಹಾಕಬೇಕು. ವಿದ್ಯುತ್ ಬಳಸುವ ಘಟಕದಲ್ಲಿ ಹತ್ತು ಮಂದಿ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು, ಈಗ ಇಪ್ಪತ್ತು ಮಂದಿ ಇರಬೇಕು. ವಿದ್ಯುತ್ ಇಲ್ಲದ ಘಟಕಕ್ಕೆ ಇಪ್ಪತ್ತು ಇದ್ದುದು ನಲವತ್ತಾಗಿದೆ. ಗುತ್ತಿಗೆ ಕಾರ್ಮಿಕರ ನಿಯಂತ್ರಣದ ಮಿತಿ ಇಪ್ಪತ್ತರಿಂದ ಐವತ್ತಕ್ಕೇರಿದೆ. ಕೆಲಸಗಾರರನ್ನು ತೆಗೆಯಲು ಅಥವಾ ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾಗುತ್ತಿದ್ದುದು ನೂರು ಮಂದಿ ಇದ್ದಲ್ಲಿ, ಈಗ ಮುನ್ನೂರು. ದೊಡ್ಡ ನಗರದ ದೊಡ್ಡ ಕಾರ್ಖಾನೆಗಳ ಚರ್ಚೆಯಲ್ಲಿ ಈ ಅಂಕಿಗಳು ಒಂದು ಬಗೆಯಾಗಿ ಕಾಣುತ್ತವೆ. ನಮ್ಮ ಜಿಲ್ಲೆಯಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತವೆ. ಇಲ್ಲಿನ ಶೆಡ್ಡು, ಬೇಳೆ ಗಿರಣಿ, ಎಣ್ಣೆ ಗಿರಣಿ, ಇಟ್ಟಿಗೆ ಭಟ್ಟಿ, ಗೋದಾಮುಗಳಲ್ಲಿ ಹದಿನೈದು ಇಪ್ಪತ್ತು ಮಂದಿಯ ತಂಡವೇ ಸಾಮಾನ್ಯ. ಆರಿಸುವ ಯಂತ್ರ ಇಟ್ಟುಕೊಂಡು ಹದಿನೆಂಟು ಮಂದಿಯನ್ನು ದುಡಿಸುವ ಘಟಕ ನಿನ್ನೆಯವರೆಗೆ ಕಾರ್ಖಾನೆಯಾಗಿತ್ತು, ಇಂದು ಅಲ್ಲ. ಯಂತ್ರ ಅದೇ, ಬೆಲ್ಟು ಅದೇ, ಸೆರಗು ಸಿಕ್ಕಿಕೊಳ್ಳುವ ಅಪಾಯವೂ ಅದೇ.

2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ ಏಳು ಕಾರ್ಮಿಕರು ಸತ್ತದ್ದನ್ನು ಈ ಊರು ಮರೆತಿಲ್ಲ ಎಂದುಕೊಂಡಿದ್ದೇನೆ. ರಾತ್ರಿಯಿಡೀ ಕಾಳು ಸರಿಸಿ ದೇಹಗಳನ್ನು ಹೊರತೆಗೆಯಬೇಕಾಯಿತು. ಅಂಥ ಜಾಗದಲ್ಲಿ ಅಪಾಯವನ್ನು ನಿರ್ಧರಿಸುವುದು ಹಾಜರಿ ಪುಸ್ತಕದಲ್ಲಿರುವ ಹೆಸರುಗಳ ಸಂಖ್ಯೆಯಲ್ಲ, ತಲೆಯ ಮೇಲೆ ನಿಂತಿರುವ ಭಾರ. ಸುರಕ್ಷತೆಯ ವಿಷಯದಲ್ಲಿ ತಲೆ ಎಣಿಸಿ ಕಾನೂನು ಹಚ್ಚುವ ಕ್ರಮವೇ ನನಗೆ ಒಪ್ಪಿಗೆಯಾಗದು. ಅದು ಹಳೆಯ ಕಾಯ್ದೆಯ ದೋಷವೂ ಆಗಿತ್ತು, ಹೊಸದರಲ್ಲಿ ಅದು ಇನ್ನಷ್ಟು ಹಿಗ್ಗಿದೆ.

ಇಷ್ಟೆಲ್ಲ ಓದಿಕೊಂಡು ನಾನು ಅಣ್ಣನ ಮಗನ ಶೆಡ್ಡಿಗೆ ಹೋದೆ. ಎಲ್ಲರಿಗೂ ಒಂದು ಹಾಳೆಯ ನೇಮಕಾತಿ ಪತ್ರ, ವಾರಕ್ಕೊಂದು ಕೂಲಿ ಚೀಟಿ ಕೊಟ್ಟುಬಿಡು ಎಂದು ಅವನಿಗೆ ಹೇಳುತ್ತಿದ್ದೆ. ಮಣೂಕ ಆರಿಸುತ್ತ ಕುಳಿತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬಳು ಕೈ ನಿಲ್ಲಿಸದೆ ಕೇಳಿದಳು: "ಆ ಚೀಟಿ ತಗೊಂಡ್ರ ನಮ್ಮ ರೇಷನ್ ಕಾರ್ಡ್ ಹೋಗೂದಿಲ್ಲೇನ್ರಿ, ಸಾಹೇಬರ?"

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ತಲೆ ತಗ್ಗಿಸಿ ಲೆಕ್ಕ ಹಾಕಿದೆ. 2024ರಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ನಡೆದು ಗದ್ದಲವಾದಾಗ ಅನ್ವಯಿಸಿದ ವಾರ್ಷಿಕ ಆದಾಯ ಮಿತಿ 1.20 ಲಕ್ಷ ರೂಪಾಯಿ. ದಿನಕ್ಕೆ 400 ರೂಪಾಯಿಯಂತೆ 300 ದಿನ ದುಡಿದರೆ ಕೂಡುವ ಮೊತ್ತವೂ 1.20 ಲಕ್ಷವೇ. ಗಂಡ ಹೆಂಡತಿ ಇಬ್ಬರೂ ಅದೇ ಕೂಲಿಯಲ್ಲಿ ತಲಾ 150 ದಿನ ದುಡಿದರೂ ಅಷ್ಟೇ. ಅದರಾಚೆಗೆ ಒಂದು ದಿನದ ಕೂಲಿ ಕಾಗದದ ಮೇಲೆ ಬಂದರೆ ಆ ಕುಟುಂಬ ಬಡವರ ಪಟ್ಟಿಯಿಂದ ಹೊರಕ್ಕೆ. ಅಂದರೆ ಒಂದು ಇಲಾಖೆ ಕನಿಷ್ಠ ವೇತನ ಕೊಡಿಸುತ್ತೇನೆ ಎನ್ನುತ್ತದೆ, ಇನ್ನೊಂದು ಇಲಾಖೆ ಅದನ್ನು ಪಡೆದದ್ದಕ್ಕೆ ಅಕ್ಕಿ ನಿಲ್ಲಿಸುತ್ತದೆ. ಅಕ್ಷರ ಬಾರದ ಆ ಹೆಣ್ಣುಮಗಳು ಎರಡು ಸರ್ಕಾರಿ ಆದೇಶಗಳ ನಡುವಿನ ಈ ಬಿರುಕನ್ನು ನಮಗಿಂತ ಮೊದಲೇ ಕಂಡಿದ್ದಳು. ಕಾಗದ ಅವಳ ಹಕ್ಕಿನ ಸಾಕ್ಷಿಯಾಗಬೇಕಿತ್ತು. ಅವಳ ಅನುಭವದಲ್ಲಿ ಕಾಗದ ಯಾವಾಗಲೂ ಅವಳ ವಿರುದ್ಧದ ಸಾಕ್ಷಿ. ಈ ಭಯ ಹೋಗದೆ ಎಷ್ಟು ಸಂಹಿತೆ ಬಂದರೂ ಮಾಲೀಕ ಮತ್ತು ಕೆಲಸಗಾರ ಇಬ್ಬರೂ ಸೇರಿಯೇ ಬಾಯಿಮಾತಿನ ಲೆಕ್ಕವನ್ನು ಮುಂದುವರಿಸುತ್ತಾರೆ.

ಇನ್ನೊಂದು ಗಂಟು ಮುಂಗಡದ್ದು. 2025ರ ಜನವರಿಯಲ್ಲಿ ವಿಜಯಪುರ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮುಂಗಡ ಹಣದ ವಿಚಾರವಾಗಿ ಮೂವರು ಕಾರ್ಮಿಕರನ್ನು ಕೊಳವೆಯಿಂದ ಹೊಡೆದ ದೃಶ್ಯ ನಾಡಿನಾದ್ಯಂತ ಹರಿದಾಡಿತು. ಅವರು ದೂರದ ರಾಜ್ಯದವರಲ್ಲ, ನೆರೆಯ ಜಮಖಂಡಿ ತಾಲ್ಲೂಕಿನವರು. ಸಂಕ್ರಾಂತಿಗೆ ಊರಿಗೆ ಹೋಗಿ ತಡವಾಗಿ ಬಂದದ್ದು ಕಾರಣವಾಯಿತೆಂದು ಆಗ ವರದಿಯಾಗಿತ್ತು. ಪೊಲೀಸರು ಪ್ರಕರಣ ದಾಖಲಿಸಿ ಬಂಧಿಸಿದರು. ಬಸವಣ್ಣನವರು ಹುಟ್ಟಿದ ಜಿಲ್ಲೆಯೆಂದು, ಕಾಯಕದ ನೆಲವೆಂದು ಹೇಳಿಕೊಳ್ಳುವ ನಾವು ಅಂದು ನಾಚಿದೆವು, ನಂತರ ಸುಮ್ಮನಾದೆವು. ಹೊಡೆದವರನ್ನು ಹಿಡಿಯುವುದು ಪೊಲೀಸರ ಕೆಲಸ. ಹೊಡೆಯುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳುವುದು ನಮ್ಮ ಕೆಲಸ.

ಅದು ಬರುವುದು ಸಾಲದಿಂದ. ಮುಂಗಡ ಎಂಬುದು ಮೇಲ್ನೋಟಕ್ಕೆ ಕೂಲಿಯ ಒಂದು ಭಾಗ. ಒಳಗೆ ಅದು ಸಾಲದ ಮಾರುಕಟ್ಟೆ ಮತ್ತು ದುಡಿಮೆಯ ಮಾರುಕಟ್ಟೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಹಗ್ಗ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದ ಕೂಲಿಗೆ ಬ್ಯಾಂಕಿನ ಬಾಗಿಲು ತೆರೆಯದು. ಮುಕಾದಮನ ಬಾಗಿಲು ನಡುರಾತ್ರಿಯೂ ತೆರೆದಿರುತ್ತದೆ. ಆತ ಕೇಳುವ ಅಡಮಾನ ಒಂದೇ, ಮುಂದಿನ ಆರು ತಿಂಗಳ ಮೈಮುರಿತ. ಹಾಗೆಂದು ಮುಂಗಡ ಕೊಟ್ಟವರೆಲ್ಲ ಕಟುಕರೂ ಅಲ್ಲ. ಮುಂಗಡ ಪಡೆದು ಬಾರದೆ ಹೋದವರಿಂದ ಮುಳುಗಿದ ಸಣ್ಣ ಮಾಲೀಕರನ್ನೂ ನಾನು ಬಲ್ಲೆ. ಆದರೆ ಹಣದ ವ್ಯವಹಾರಕ್ಕೆ ಸಿವಿಲ್ ನ್ಯಾಯಾಲಯವಿದೆ, ಮನುಷ್ಯನನ್ನು ಹಿಡಿದಿಡಲು ಯಾವ ಕಾನೂನೂ ಇಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಈ ನಾಲ್ಕು ಸಂಹಿತೆಗಳಲ್ಲಿ ಸೇರಿಲ್ಲ, ಅದು ಪ್ರತ್ಯೇಕವಾಗಿ ಜೀವಂತವಾಗಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೇ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯಾಡ್ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ, ತೀರ್ಪು ನೀಡಿತು. ಹೊಸ ವೇತನ ಸಂಹಿತೆಯ ಪ್ರಕಾರ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರುವಂತಿಲ್ಲ. ಕೆಲಸಕ್ಕೆ ಬರಲು ಪ್ರಯಾಣ ವೆಚ್ಚಕ್ಕೆಂದು ಕೊಟ್ಟ ಮುಂಗಡವನ್ನು ವಸೂಲು ಮಾಡುವಂತೆಯೇ ಇಲ್ಲ. ಈ ಎರಡು ಸಾಲುಗಳನ್ನು ಪ್ರತಿ ಭಟ್ಟಿಯ ಗೋಡೆಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿದರೆ ಎಷ್ಟು ಖರ್ಚಾದೀತು?

ಬರೆಸಿದ ಮಾತ್ರಕ್ಕೆ ಆಗಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಅದಕ್ಕೆ ನನ್ನ ಸೇವೆಯ ಒಂದು ನೆನಪೇ ಕಾರಣ. ತೊಂಬತ್ತರ ದಶಕದ ಆರಂಭದಲ್ಲಿ ಬೇರೊಂದು ಜಿಲ್ಲೆಯಲ್ಲಿ ತಹಶೀಲ್ದಾರನಾಗಿದ್ದಾಗ ಭಟ್ಟಿಯೊಂದರ ತಪಾಸಣೆಗೆ ಹೋಗಿದ್ದೆ. ವೇತನ ವಹಿ ಅಚ್ಚುಕಟ್ಟಾಗಿತ್ತು. ಆರು ತಿಂಗಳ ಪುಟಗಳಲ್ಲೂ ಹೆಬ್ಬೆಟ್ಟಿನ ಗುರುತುಗಳು ಸಾಲಾಗಿ ನಿಂತಿದ್ದವು. ಹೊರಡುವಾಗ ಹುಡುಗನೊಬ್ಬ, ಇವತ್ತು ಬೆಳಿಗ್ಗೆಯೇ ಎಲ್ಲ ಹಚ್ಚಿಸಿಕೊಂಡರು ಎಂದು ಅವನ ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಮರಳಿ ವಹಿ ತೆರೆದು ನೋಡಿದರೆ ಆರು ತಿಂಗಳ ಮಸಿಯೂ ಒಂದೇ ಹೊಳಪಿನದು. ಅಷ್ಟರಲ್ಲಿ ನಾನು ಕೊನೆಯ ಪುಟದ ಕೆಳಗೆ ಪರಿಶೀಲಿಸಲಾಗಿದೆ ಎಂದು ಸಹಿ ಹಾಕಿಯಾಗಿತ್ತು. ಆ ಸಹಿಯನ್ನು ನಾನು ಹೊಡೆದುಹಾಕಲಿಲ್ಲ. ಜೀಪು ಕಾಯುತ್ತಿತ್ತು, ಮುಂದಿನ ಸಭೆಗೆ ಹೊತ್ತಾಗಿತ್ತು. ನಿವೃತ್ತನಾದ ಮೇಲೆ ನೆನಪಾಗುವ ಸಹಿಗಳಲ್ಲಿ ಅದೂ ಒಂದು. ವಹಿ ಸರಿಯಿದ್ದರೆ ಎಲ್ಲವೂ ಸರಿ ಎಂದು ನಂಬುವ ಆಡಳಿತಕ್ಕೆ ಈಗ ಆನ್‌ಲೈನ್ ವಹಿ ಕೊಟ್ಟರೆ, ಮಸಿಯ ಹೊಳಪು ನೋಡುವ ಅವಕಾಶವೂ ಇರುವುದಿಲ್ಲ.

ವಲಸೆಯ ಮಾತನ್ನೂ ಇಲ್ಲಿ ಸೇರಿಸಬೇಕು. ನಮ್ಮ ಜಿಲ್ಲೆ ಬಿಹಾರದವರನ್ನು ದುಡಿಸಿಕೊಳ್ಳುತ್ತದೆ. ನಮ್ಮ ತಾಂಡಾಗಳ ಜನ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವೆಯ ಕಟ್ಟಡಗಳಿಗೆ ಗುಳೆ ಹೋಗುತ್ತಾರೆ. ಹಳೆಯ ಕಾಯ್ದೆ ಗುತ್ತಿಗೆದಾರನ ಮೂಲಕ ಹೋದವರನ್ನು ಮಾತ್ರ ಗುರುತಿಸುತ್ತಿತ್ತು. ತಾನಾಗಿಯೇ ಹೋಗಿ ಕೆಲಸ ಹಿಡಿದವನನ್ನೂ ಹೊಸ ಸಂಹಿತೆ ವಲಸೆ ಕಾರ್ಮಿಕ ಎನ್ನುತ್ತದೆ. ಊರಿಗೆ ಹೋಗಿ ಬರುವ ಪ್ರಯಾಣ ಭತ್ಯೆಯ ಮಾತಿದೆ, ಪಡಿತರವನ್ನು ಹುಟ್ಟೂರಿನಲ್ಲೋ ದುಡಿಯುವ ಊರಿನಲ್ಲೋ ಪಡೆಯುವ ಆಯ್ಕೆಯಿದೆ. ಆದರೆ ಐದು ಮಂದಿ ವಲಸೆಗಾರರಿದ್ದರೂ ಅನ್ವಯಿಸುತ್ತಿದ್ದ ಕಾನೂನು ಈಗ ಹತ್ತು ಮಂದಿ ಇದ್ದರಷ್ಟೇ ಅನ್ವಯಿಸುತ್ತದೆ. ಅಲಿಯಾಬಾದಿನ ಗೋದಾಮಿನಲ್ಲಿ ಸತ್ತವರೇ ಏಳು ಮಂದಿ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಓದಬೇಕು.

ರಾಜ್ಯ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೂ ಉದಾಹರಣೆಯಿದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ತಂದಿತು. ಅವರ ಪ್ರತಿ ಗಳಿಕೆಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು, ಹದಿನಾಲ್ಕು ದಿನಗಳ ಮುನ್ಸೂಚನೆ ಮತ್ತು ಸಕಾರಣವಿಲ್ಲದೆ ಕೆಲಸದಿಂದ ತೆಗೆಯದಂತೆ ತಡೆಯಲು ಅದು ಅವಕಾಶ ಮಾಡಿದೆ. ವಿಜಯಪುರದ ಗೋಲಗುಂಬಜದ ರಸ್ತೆಯಲ್ಲಿ ಚೀಲ ಹೊತ್ತು ಓಡುವ ಹುಡುಗರ ಬಗ್ಗೆ ಯೋಚಿಸಿದ ಸರ್ಕಾರ, ತಿಕೋಟಾದ ರಸ್ತೆಯಲ್ಲಿ ಟಂಟಂನಲ್ಲಿ ಬರುವ ಹೆಂಗಸರ ಬಗ್ಗೆ ಯೋಚಿಸಲು ಏನು ಅಡ್ಡಿ? ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ನಮ್ಮಂಥ ಘಟಕಗಳ ಮಟ್ಟಿಗೆ ಸಂಹಿತೆಗಳಡಿ ನಿಯಮ ರೂಪಿಸುವ ಅಧಿಕಾರವೂ ರಾಜ್ಯದ್ದೇ.

ಆದ್ದರಿಂದ ನನ್ನ ಸಲಹೆಗಳು ನಾಲ್ಕು. ಮೊದಲನೆಯದು, ಕನಿಷ್ಠ ವೇತನ ಪಡೆದ ಕಾರಣಕ್ಕೆ ಯಾವ ಕುಟುಂಬವೂ ಪಡಿತರ ಕಳೆದುಕೊಳ್ಳದು ಎಂದು ಸರ್ಕಾರ ಸ್ಪಷ್ಟ ಆದೇಶ ಹೊರಡಿಸಲಿ. ಆದಾಯ ಮಿತಿಯನ್ನು ಕನಿಷ್ಠ ವೇತನದ ವಾರ್ಷಿಕ ಮೊತ್ತಕ್ಕೆ ಜೋಡಿಸಿದರೆ ಈ ವಿರೋಧ ತಾನಾಗಿ ಕರಗುತ್ತದೆ. ಎರಡನೆಯದು, ನೇಮಕಾತಿ ಪತ್ರ ಮತ್ತು ಕೂಲಿ ಚೀಟಿಯ ಒಂದೇ ಹಾಳೆಯ ಕನ್ನಡ ನಮೂನೆಯನ್ನು ಎಪಿಎಂಸಿ, ಶೀತಲಗೃಹ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ಉಚಿತವಾಗಿ ಇಡಲಿ. ಶೆಡ್ಡಿನವನಿಗೆ ವಕೀಲರ ಶುಲ್ಕ ತೆರುವ ಶಕ್ತಿಯಿಲ್ಲ. ಮೂರನೆಯದು, ಧಾನ್ಯ ಸಂಗ್ರಹ, ಭಟ್ಟಿ, ಯಂತ್ರವಿರುವ ಘಟಕಗಳಿಗೆ ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಸುರಕ್ಷತಾ ತಪಾಸಣೆ ಕಡ್ಡಾಯವಾಗಲಿ. ತಪಾಸಣೆಗೆ ಹೋದ ಅಧಿಕಾರಿ ವಹಿಗೆ ಸಹಿ ಹಾಕುವ ಮುನ್ನ ಮಾಲೀಕನಿಲ್ಲದ ಜಾಗದಲ್ಲಿ ಐವರು ಕೆಲಸಗಾರರೊಡನೆ ಮಾತಾಡಲಿ.

ನಾಲ್ಕನೆಯದು ಸಾಲಕ್ಕೆ ಸಂಬಂಧಿಸಿದ್ದು. ವಚನಗಳನ್ನು ಹುಡುಕಿ ಉಳಿಸಿದ ಫ. ಗು. ಹಳಕಟ್ಟಿಯವರು ವೃತ್ತಿಯಲ್ಲಿ ವಕೀಲರು. ನ್ಯಾಯಾಲಯದ ಕೆಲಸವಷ್ಟೇ ಸಾಲದೆಂದು ಅವರಿಗೆ ತೋರಿರಬೇಕು, 1912ರಲ್ಲಿ ಇದೇ ಊರಿನಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಶತಮಾನ ದಾಟಿದ ಸಹಕಾರಿ ಪರಂಪರೆಯಿರುವ ಜಿಲ್ಲೆಯಲ್ಲಿ, ನಾಲ್ಕಾರು ಸಾವಿರ ರೂಪಾಯಿಯ ತುರ್ತಿಗೆ ಕೂಲಿಯೊಬ್ಬ ಮುಕಾದಮನ ಮುಂದೆ ನಿಲ್ಲಬೇಕೆ? ಕೂಲಿ ಚೀಟಿಯನ್ನೇ ಆಧಾರವಾಗಿಟ್ಟುಕೊಂಡು ಸಣ್ಣ ಸಾಲ ಕೊಡುವ ಯೋಜನೆಯನ್ನು ತಿಕೋಟಾ, ಬಬಲೇಶ್ವರಗಳ ಸಹಕಾರ ಸಂಘಗಳು ಆರಂಭಿಸಲಿ. ಆಗ ಚೀಟಿ ಅವಳಿಗೆ ಭಯದ ವಸ್ತುವಾಗಿ ಉಳಿಯದು, ಅವಳು ತಾನೇ ಕೇಳಿ ಪಡೆಯುವ ವಸ್ತುವಾಗುತ್ತದೆ.

ಅಣ್ಣನ ಮಗ ಈಗ ಚೀಟಿ ಪುಸ್ತಕ ಅಚ್ಚು ಹಾಕಿಸಿದ್ದಾನೆ. ಅರ್ಧದಷ್ಟು ಹೆಂಗಸರು ತೆಗೆದುಕೊಂಡಿದ್ದಾರೆ, ಉಳಿದರ್ಧ ಬೇಡವೆಂದಿದ್ದಾರೆ. ರೇಷನ್ ಕಾರ್ಡಿನ ಪ್ರಶ್ನೆ ಕೇಳಿದ ಆ ಹೆಣ್ಣುಮಗಳು ಬೇಡವೆಂದವರಲ್ಲಿ ಒಬ್ಬಳು. ಅವಳನ್ನು ಒಪ್ಪಿಸು ಎಂದು ನಾನು ಅವನಿಗೆ ಹೇಳಿಲ್ಲ. ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲಿದ್ದಾರೆ, ಮತ್ತು ಆ ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕಾಗದದ ಮೇಲೆಯೇ ಬರಬೇಕು.